ಬೆಣ್ಣೆಯ ಹಣೆಗೆ ಮೂರು ಗೀಟು

ಆ ಮನೆಗೆ ಯಾವ ಹೊಸ ಔಷಧ ಬಂದರೂ ಮೊದಲು ಒಂದು ಕುರಿಗೆ. ಅದು ಮಾರನೆಯ ದಿನ ನೆಟ್ಟಗೆ ನಿಂತು ಮೇವು ತಿಂದರೆ ಆಮೇಲೆ ಮಂದೆಗೆ. ಅತ್ತೆಯ ಕಾಲದ ಈ ಪದ್ಧತಿಯನ್ನು ಸೊಸೆ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಜಂತುಹುಳದ ಔಷಧಕ್ಕೂ ಅದೇ, ಗೊರಸಿಗೆ ಹಚ್ಚುವ ಮುಲಾಮಿಗೂ ಅದೇ. ಹಾಗಾಗಿ ನಾದಿನಿ ಒಂದು ಸಂಜೆ ಪೇಟೆಯಿಂದ ತಂದ ಕಾಗದದ ಚೀಲವನ್ನು ಹುಲ್ಲಿನ ಕಂತೆಯ ಮೇಲೆ ಬಿಚ್ಚಿ, ಮೂರು ಲಿಪ್‌ಸ್ಟಿಕ್ಕನ್ನೂ ಬೆರಳುದ್ದದ ಒಂದು ಕಪ್ಪು ಕೊಳವೆಯನ್ನೂ ಸಾಲಾಗಿ ಇಟ್ಟಾಗ ಅತ್ತಿಗೆ ಕೇಳಿದ್ದು ಬೆಲೆಯನ್ನಲ್ಲ, ಬಣ್ಣವನ್ನೂ ಅಲ್ಲ.

"ಯಾವ ಕುರಿಗೆ ಹಚ್ಚೋಣ?" ಎಂದಳು.

ನಾದಿನಿಗೆ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಮಾತ್ರೆ ಕೊಡುವ ಕಡೆಗಲ್ಲ, ಬಾಗಿಲ ಪಕ್ಕದ ಗಾಜಿನ ಕಪಾಟಿನ ಹಿಂದೆ, ಕಣ್ಣಿಗೆ ತುಟಿಗೆ ಹಚ್ಚುವ ಅಗ್ಗದ ಸಾಮಾನು ಮಾರುವ ಕಡೆಗೆ. ಮರುದಿನವೇ ಮೊದಲ ದಿನ. ಅಂಗಡಿಯ ಯಜಮಾನಿ ಇವನ್ನು ಕೈಗೆ ಕೊಟ್ಟು, ಹಚ್ಚಿ ನೋಡಿಕೊಂಡೇ ಬಾ, ಕೊಳ್ಳುವವರು ಕೇಳಿದರೆ ಕಂಡವಳ ಹಾಗೆ ಮಾತಾಡಬೇಕು, ಕೇಳಿದವಳ ಹಾಗಲ್ಲ ಎಂದಿದ್ದಳು. ಮುಂಗೈ ಮೇಲೆ ಗೀಟು ಎಳೆದು ನೋಡುವುದು ವಾಡಿಕೆ ಎಂದೂ ಹೇಳಿದ್ದಳು. ಆದರೆ ಅತ್ತಿಗೆ ನಾದಿನಿಯರ ಕೈಗಳು ಆ ಹೊತ್ತಿಗೆ ಮೊಣಕೈವರೆಗೆ ಕೆಂಪಾಗಿದ್ದವು. ಮಾರನೆಯ ಬೆಳಗ್ಗೆ ಕುರಿ ವ್ಯಾಪಾರಿ ಬರುವವನಿದ್ದ. ಮಾರುವ ಕುರಿಯ ಹಣೆಗೆ ಕೆಮ್ಮಣ್ಣಿನಲ್ಲಿ ಒಂದು ಗೀಟು ಎಳೆಯುವುದು ಆ ಮನೆಯ ಗುರುತು. ಪ್ರತಿಸಲ ಎಣ್ಣೆಯಲ್ಲಿ ಕಲಸುತ್ತಿದ್ದರು. ಈ ಸಲ ಎಣ್ಣೆ ತೀರಿದ್ದರಿಂದ ಇವರಿಬ್ಬರೂ ಬರೀ ನೀರಲ್ಲಿ ಕಲಸಿ ಕೊಟ್ಟಿದ್ದರು. ಅತ್ತಿಗೆಯ ಗಂಡ ಗೀಟು ಎಳೆದು ಮುಗಿಸಿ, ಕೈ ತೊಳೆದು, ಮುರಿದ ಬೇಲಿ ಕಟ್ಟಲು ಹೋಗಿದ್ದ.

ಹಚ್ಚಲು ಬೆಣ್ಣೆಯೇ ಸರಿ ಎಂದಾಯಿತು. ಬೆಣ್ಣೆ ಎಂದರೆ ಅಚ್ಚಬಿಳಿ ಮುಖದ ಕುರಿ. ಹುಟ್ಟಿದ ದಿನವೇ ತಾಯಿ ಸತ್ತಿದ್ದರಿಂದ ಅತ್ತಿಗೆ ಅದನ್ನು ಒಲೆಯ ಹಿಂದೆ ಗೋಣಿಯಲ್ಲಿ ಮಲಗಿಸಿ, ಸೀಸೆಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ನಾಲ್ಕು ವರ್ಷವಾದರೂ ಅದು ಒಂದು ಮರಿ ಹಾಕಿರಲಿಲ್ಲ. ಪ್ರತಿ ವರ್ಷ ಗಂಡ ಕೊಟ್ಟುಬಿಡೋಣ ಎನ್ನುವುದು, ಹೆಂಡತಿ ಎರಡು ದಿನ ಮಾತು ಬಿಡುವುದು, ಅವನೇ ಸೋತು ಸುಮ್ಮನಾಗುವುದು ನಡೆದೇ ಇತ್ತು.

ಮೊದಲು ತುಟಿಗೇ ಹಚ್ಚಿದರು. ಬೆಣ್ಣೆ ಉದ್ದಕ್ಕೆ ನಾಲಿಗೆ ಚಾಚಿ ಒಂದೇ ಸಲಕ್ಕೆ ನೆಕ್ಕಿ, ಇನ್ನೊಂದಿಷ್ಟು ಕೊಡಿ ಎನ್ನುವಂತೆ ಮೂತಿ ಮುಂದೆ ಮಾಡಿತು. ತಿನ್ನೋಕೆ ಪರವಾಗಿಲ್ಲ ಎಂದು ಬರೆದುಕೋ ಎಂದಳು ಅತ್ತಿಗೆ. ಆಮೇಲೆ ನಾಲಿಗೆಗೆ ಎಟುಕದ ಹಣೆಯ ಮೇಲೆ ಮೂರು ಗೀಟು ಎಳೆದರು: ರೋಜಾ, ಕಂದು, ಕೆಂಪು. ಕೊನೆಗೆ ಕಪ್ಪು ಕೊಳವೆಯನ್ನು ತಿರುಗಿಸಿ ತೆಗೆದರೆ, ಒಳಗಿಂದ ಬಂದದ್ದು ಸೀಸೆ ತೊಳೆಯುವ ಬ್ರಷ್ಷಿನ ಮರಿಯಂಥದ್ದು. ಇದು ರೆಪ್ಪೆಗೆ, ಇದರ ಹೆಸರು ಮಸ್ಕಾರ ಎಂದು ನಾದಿನಿ ತಿಳಿಸಿದಳು. ಅಗ್ಗದ್ದಲ್ಲವಾ, ಮೊದಲಿನ 'ನ' ಎಲ್ಲೋ ಉದುರಿಹೋಗಿದೆ ಎಂದು ಅತ್ತಿಗೆ ನಕ್ಕು, ಬೆಣ್ಣೆಯ ಗದ್ದ ಹಿಡಿದು, ಮರಿಗೆ ಕಣ್ಣೌಷಧಿ ಹಾಕುವಷ್ಟೇ ಜೋಪಾನವಾಗಿ, ಬಿಳಿ ರೆಪ್ಪೆಗಳ ತುದಿಗೆ ಮಾತ್ರ ಕಪ್ಪು ಸವರಿದಳು. ಬೆಣ್ಣೆ ಎರಡು ಸಲ ಕಣ್ಣು ಮಿಟುಕಿಸಿ, ಮದುವೆಗೆ ಹೊರಟ ಹೆಂಗಸಿನ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿತು.

ಬೆಳಗಾಗುವ ಮುಂಚೆ ಸಣ್ಣಗೆ ಮಳೆ ಬಿತ್ತು.

ಅತ್ತಿಗೆ ಒಲೆಯ ಮುಂದೆ ಇದ್ದಾಗ ವ್ಯಾಪಾರಿಯ ಗಾಡಿ ಬಂದ ಸದ್ದು ಕೇಳಿಸಿತು. ಹಲಗೆ ಇಳಿಸಿದ್ದು, ಕುರಿಗಳು ಒಂದೊಂದಾಗಿ ಗೊರಸು ಬಡಿಯುತ್ತ ಹತ್ತಿದ್ದು ಎಲ್ಲವೂ ಕೇಳಿಸಿತು. ಅವಳು ತಲೆ ಎತ್ತಲಿಲ್ಲ. ಆದರೆ ಆ ಗಲಾಟೆಯ ನಡುವೆ ಒಡೆದ ಕಹಳೆಯಂಥ ಒಂದು ದನಿ ಎದ್ದಿತು. ಸೀಸೆ ಹಾಲಲ್ಲಿ ಬೆಳೆದ ಆ ದನಿ ಅವಳಿಗೆ ನಿದ್ದೆಯಲ್ಲೂ ಗೊತ್ತು. ಸೌಟನ್ನು ಕೈಯಲ್ಲೇ ಹಿಡಿದು ಓಡಿದಳು.

ಬೆಣ್ಣೆ ಗಾಡಿಯೊಳಗೆ, ಸರಳುಗಳ ನಡುವೆ ಮೂತಿ ತೂರಿಸಿ ನಿಂತಿತ್ತು. ರೋಜಾ ಗೀಟು ಕಂಬಕ್ಕೆ ಉಜ್ಜಿ ಹೋಗಿತ್ತು. ಕಂದು ಗೀಟನ್ನು ಮಳೆ ತೊಳೆದಿತ್ತು. ಕೆಂಪು ಗೀಟು ಮಾತ್ರ ಈಗ ತಾನೇ ಎಳೆದಂತೆ ಹೊಳೆಯುತ್ತಿತ್ತು. ಉಳಿದ ಕುರಿಗಳ ಕೆಮ್ಮಣ್ಣು ಕರಗಿ ಮೂಗಿನವರೆಗೆ ಇಳಿದಿತ್ತು. ಇಡೀ ಗಾಡಿಯಲ್ಲಿ ಸರಿಯಾಗಿ ಗುರುತು ಬಿದ್ದದ್ದು ಇದೊಂದಕ್ಕೇ ಎಂದು ವ್ಯಾಪಾರಿ ಮೆಚ್ಚಿಕೊಳ್ಳುತ್ತಿದ್ದ.

ಅವಳು ಗಂಡನ ಕಡೆ ತಿರುಗಿದಳು. ಅವನು ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಕೊನೆಗೂ ನೀನೇ ಮನಸ್ಸು ಗಟ್ಟಿ ಮಾಡಿ ಗೀಟು ಎಳೆದೆಯಲ್ಲ ಅಂತ ನಾನು ಏನೂ ಕೇಳಲಿಲ್ಲ. ಕೇಳಿದ್ರೆ ನಿನಗೆ ಅಳು ಬರುತ್ತೆ ಅಂತ," ಎಂದ.

ಅದು ಗುರುತಲ್ಲ, ಲಿಪ್‌ಸ್ಟಿಕ್ಕು ಎಂದು ಅವಳು ಹೇಳಲೇಬೇಕಾಯಿತು. ಗಂಡ ಅರ್ಥವಾಗದೆ ಬಾಯಿ ತೆರೆದ. ವ್ಯಾಪಾರಿ ಹಲಗೆ ಮೇಲೆತ್ತುವುದನ್ನು ನಿಲ್ಲಿಸಲಿಲ್ಲ. ಅವನು ಕೆಟ್ಟವನಲ್ಲ. ಆದರೆ ಹತ್ತಿದ ಕುರಿಯನ್ನು ಇಳಿಸಿಕೊಳ್ಳಲು ಹೆಂಗಸರು ಎಷ್ಟೆಷ್ಟು ಕಥೆ ಹೇಳುತ್ತಾರೆ ಎಂಬುದನ್ನು ಇಪ್ಪತ್ತು ವರ್ಷದಿಂದ ಕೇಳಿ ಬಲ್ಲವನು.

"ಗೀಟು ಬಿದ್ದಿದ್ದು ನನ್ನದು, ಬೀಳದ್ದು ನಿಮ್ಮದು. ಇದು ನಿನ್ನ ಯಜಮಾನನ ಮಾತು, ತಂಗಿ," ಎಂದ.

ಗಂಡ ಕಾಲಬೆರಳಲ್ಲಿ ನೆಲ ಕೆರೆದ. ಆಡಿದ ಮಾತನ್ನು ನುಂಗಿ ಅವನಿಗೆ ಅಭ್ಯಾಸವಿರಲಿಲ್ಲ.

"ಅದರ ಕಣ್ಣು ನೋಡಿ ಅಣ್ಣಾ," ಎಂದಳು ಅವಳು. "ಮಸ್ಕಾರ."

"ನಮಸ್ಕಾರ, ನಮಸ್ಕಾರ," ಎಂದು ವ್ಯಾಪಾರಿ ಅವಸರದಲ್ಲಿ ಕೈಮುಗಿದ. "ಕಾಲಿಗೆ ಬಿದ್ದರೂ ಕುರಿ ಇಳಿಯಲ್ಲ."

ಆದರೂ ಕಣ್ಣು ನೋಡಿದ. ನೋಡಿ ಹಲಗೆಯನ್ನು ಕೆಳಗಿಟ್ಟ. ಬೆಣ್ಣೆ ಅವನ ಮುಖಕ್ಕೆ ಮುಖ ಕೊಟ್ಟು, ಕಪ್ಪು ಹಚ್ಚಿದ ನೀಳ ರೆಪ್ಪೆಗಳನ್ನು ಒಮ್ಮೆ ನಿಧಾನವಾಗಿ ಮುಚ್ಚಿ ತೆರೆಯಿತು. ಅವನು ತಾನೇ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಟವೆಲಿನ ತುದಿ ಒದ್ದೆ ಮಾಡಿ ಹಣೆಯ ಗೀಟನ್ನು ಉಜ್ಜಿದ. ಹೋಗಲಿಲ್ಲ. ಪಕ್ಕದ ಕುರಿಯದನ್ನು ಉಜ್ಜಿದ. ಕೆಂಪೆಲ್ಲ ಟವೆಲಿಗೆ ಬಂತು.

ಅದೇ ಹೊತ್ತಿಗೆ ನಾದಿನಿ ಕೆಲಸಕ್ಕೆ ಹೊರಟು ಬಾಗಿಲಿಗೆ ಬಂದಳು. ಬೆಣ್ಣೆ ಬೆಳಗ್ಗೆ ಚೆನ್ನಾಗಿಯೇ ಇದ್ದದ್ದನ್ನು ಕಂಡು ಧೈರ್ಯದಿಂದ ಅದೇ ಕೆಂಪನ್ನು ತುಟಿಗೆ ಹಚ್ಚಿಕೊಂಡಿದ್ದಳು. ವ್ಯಾಪಾರಿ ಕುರಿಯ ಹಣೆ ನೋಡಿದ, ಹುಡುಗಿಯ ತುಟಿ ನೋಡಿದ, ಮತ್ತೆ ಹಣೆ ನೋಡಿದ.

"ಆ ಬಣ್ಣ ಇದ್ದದ್ದೆಲ್ಲ ನಿಮ್ಮದೇ ಆದರೆ ನನ್ನ ನಾದಿನಿಯನ್ನೂ ಹತ್ತಿಸಿಕೊಳ್ಳಿ ಅಣ್ಣಾ," ಎಂದಳು ಅತ್ತಿಗೆ. "ಮೊದಲೇ ಹೇಳಿಬಿಡ್ತೀನಿ, ಮೇವು ಜಾಸ್ತಿ. ಬೆಳಗ್ಗೆ ಏಳೋದು ಲೇಟು."

"ಕೂಗೋದು ಮಾತ್ರ ಬೆಣ್ಣೆಗಿಂತ ಕಮ್ಮಿ," ಎಂದಳು ನಾದಿನಿ, ಏನು ನಡೆದಿದೆ ಎಂದು ತಿಳಿಯುವ ಮುಂಚೆಯೇ.

ವ್ಯಾಪಾರಿ ನಕ್ಕ. ಒಮ್ಮೆ ನಕ್ಕವನು ವ್ಯಾಪಾರದಲ್ಲಿ ಸೋತ ಹಾಗೆ ಎಂಬುದು ಅವನಿಗೂ ಗೊತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದಂತೆ ಎಂದು ಜನ ಹೇಳುತ್ತಾರೆ. ಆದರೆ ಆ ಗಾಡಿಯಿಂದ ಬೆಣ್ಣೆಯನ್ನು ತೆಗೆಯಲು ಮೂವರು ಹಿಡಿದು ಎಳೆಯಬೇಕಾಯಿತು. ಒಳಗಿನ ಹಸಿರು ಸೊಪ್ಪು ಅದಕ್ಕೆ ಹಿಡಿಸಿಬಿಟ್ಟಿತ್ತು. ನೆಲಕ್ಕೆ ಇಳಿದದ್ದೇ ಅದು ಅತ್ತಿಗೆಯ ಕೈಯ ಸೌಟು ನೆಕ್ಕಿತು. ಅವಳು ಅದರ ಕುತ್ತಿಗೆಯ ಉಣ್ಣೆಯಲ್ಲಿ ಬೆರಳು ಹೂತು, ಯಾರಿಗೂ ಮುಖ ತೋರಿಸದೆ, ಒಂದು ಗಳಿಗೆ ಹಾಗೆಯೇ ಕೂತಳು.

ವ್ಯಾಪಾರಿ ಹೊರಡಲಿಲ್ಲ. ದಾರಿಯಲ್ಲಿ ಮಳೆ ಬಂದರೆ ಯಾರ ಕುರಿ ಯಾವುದೆಂದು ತಿಳಿಯದೆ ಸಂತೆಯಲ್ಲಿ ಪ್ರತಿಸಲ ಜಗಳ. ಆ ಕೆಂಪು ಎಲ್ಲಿ ಸಿಗುತ್ತದೆ ಎಂದು ಕೇಳಿದ. ಆಗ ನಾದಿನಿ ಬೆನ್ನು ನೆಟ್ಟಗೆ ಮಾಡಿ, ಗಾಜಿನ ಕಪಾಟು ಅಲ್ಲೇ ಎದುರಿಗಿದೆಯೇನೋ ಎಂಬಂತೆ ನಿಂತು, ರೋಜಾ ಬಣ್ಣದ್ದು ಉಜ್ಜಿದರೆ ಹೋಗುತ್ತದೆ, ಕಂದು ಮಳೆಗೆ ತಡೆಯುವುದಿಲ್ಲ, ಕೆಂಪು ಮಾತ್ರ ಒದ್ದೆ ಟವೆಲಿಗೂ ಬಗ್ಗುವುದಿಲ್ಲ ಎಂದು, ಕೇಳಿದವಳ ಹಾಗಲ್ಲ, ಕಂಡವಳ ಹಾಗೆ ವಿವರಿಸಿದಳು. ಅವನು ಒಂದು ಡಜನ್ ಬೇಕು ಎಂದ. ಹೀಗಾಗಿ ಅವಳು ಗಾಡಿ ಹತ್ತಿಯೇಬಿಟ್ಟಳು, ಮುಂದಿನ ಸೀಟಿಗೆ, ಪೇಟೆಯವರೆಗೆ.

ಅವರು ಹೋದ ಮೇಲೆ ಹುಲ್ಲಿನ ಕಂತೆಯ ಮೇಲೆ ಮರೆತುಹೋದ ಕಪ್ಪು ಕೊಳವೆ ಗಂಡನ ಕಣ್ಣಿಗೆ ಬಿತ್ತು. ಅದನ್ನು ಬೆರಳ ನಡುವೆ ತಿರುಗಿಸಿ ನೋಡಿ ಹೆಂಡತಿಯ ಮುಂದೆ ಹಿಡಿದ. ಅವನ ಮುಖದಲ್ಲಿ ನಗುವಿರಲಿಲ್ಲ, ಆದರೆ ಕಿವಿ ಕೆಂಪಾಗಿತ್ತು.

"ಒಂದು ಕುರಿಗೆ ಹಚ್ಚಿ ನೋಡಿದ್ದಾಯ್ತಲ್ಲ," ಎಂದ. "ಕಣ್ಣೂ ಉರಿದಿಲ್ಲ. ನೀನು ಹಚ್ಚಿಕೊಳ್ಳೋದು ಯಾವಾಗ?"

ಅವಳು ಕೊಳವೆ ತೆಗೆದುಕೊಂಡು, ಮುಚ್ಚಳ ತಿರುಗಿಸಿ, ಬ್ರಷ್ಷನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕಲ್ಲಿನ ಕಟ್ಟೆಯನ್ನು ಸೌಟಿನಿಂದ ತೋರಿಸಿದಳು.

"ಇನ್ನೊಂದು ಕುರಿ ಬಾಕಿ ಇದೆ," ಎಂದಳು. "ಕೂತ್ಕೊಳ್ಳಿ."