ಕರಂಗ್‌ಸೊನೊದ ಇಳಿದಾರಿ

"ಸೂಜಿ ಮೆಲ್ಲಗೆ ಚುಚ್ಚೇ, ಹೂವು ಹರಿದುಹೋಗುತ್ತೆ," ಎಂದಳು ಪಕ್ಕದ ಮನೆಯ ತರ್ಮಿ. ಕಿರಿಯರಿಗೆಲ್ಲ ಅವಳು ಬು, ಅಮ್ಮನ ಹಾಗೆ.

ವುರ್ಯಾನಿಯ ಗಮನ ಹೂವಿನ ಮೇಲಿರಲಿಲ್ಲ. ಅಪ್ಪನ ಚಟ್ಟಕ್ಕೆ ಹೊದಿಸುವ ಮಲ್ಲಿಗೆ ಸರ ಇನ್ನೂ ಎರಡು ಮೊಳ ಬಾಕಿಯಿತ್ತು. ಅವಳ ಕಣ್ಣು ಮಾತ್ರ ಅಂಗಳದ ಕಡೆಗೇ ಇತ್ತು. ನೀಲಿ ತಾಡಪಾಲಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಡೀ ಕರಂಗ್‌ಸೊನೊ ಊರೇ ಬಂದು ಕೂತಿತ್ತು.

"ಎಲ್ಲಾರೂ ಬಂದಿದಾರಲ್ಲೇ, ಇನ್ನೇನು ನಿಂಗೆ?"

"ಬಂದಿದಾರೆ ಬು. ಬಾಯಿ ಬಿಡಬೇಕಲ್ಲ."

ನಮ್ಮ ಕಡೆ ಹೆಣ ಅಂಗಳ ದಾಟುವ ಮುಂಚೆ ಮಸೀದಿಯ ಮೋದಿನ್ ಮೂರು ಸಲ ಕೇಳುತ್ತಾರೆ, ಇವರು ಎಂಥವರಾಗಿದ್ದರು ಎಂದು. ನೆರೆದವರು ಮೂರು ಸಲವೂ "ಒಳ್ಳೆಯವರು" ಎನ್ನಬೇಕು. ನೆರೆಹೊರೆಯ ಈ ಸಾಕ್ಷಿಯಿಲ್ಲದೆ ಹೊರಟವರು ಬರಿಗೈಯಲ್ಲಿ ಹೊರಟ ಹಾಗೆ. ಹೋದ ವರ್ಷ ಒಬ್ಬ ದನದ ದಲ್ಲಾಳಿ ಸತ್ತ. ಬದುಕಿದ್ದಾಗ ಅವನಿಗೆ ಹಿಡಿಶಾಪ ಹಾಕದವರಿರಲಿಲ್ಲ. ಅವನಿಗೂ ಊರು ಗಂಟಲು ಹರಿಯುವಂತೆ ಒಳ್ಳೆಯವರು ಎಂದಿತ್ತು.

ಆದರೆ ಅಪ್ಪನಿಗೆ? ಹದಿನೆಂಟು ವರ್ಷಗಳಿಂದ ಊರ ಊಟಗಳಲ್ಲಿ ಅಪ್ಪ ಮರ್ಸುದಿಗೆ ಚಾಪೆಯ ಮೇಲೆ ಜಾಗ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಊರಿನ ಪಾಲಿಗೆ ಅವನು ಇಳಿದಾರಿ ತಪ್ಪಿಸಿದವನು.

*

ರಸ್ತೆ ಇಲಾಖೆಯಲ್ಲಿ ಮರ್ಸುದಿಯ ಕೆಲಸ ಗಾಡಿ ಎಣಿಸುವುದು. ಒಂದು ಕೊಡೆ, ಮಡಿಸುವ ಕುರ್ಚಿ, ಹಲಗೆಗೆ ಬಿಗಿದ ನಾಲ್ಕು ಗುಂಡಿಗಳು: ಬೈಕು, ಕಾರು, ಬಸ್ಸು, ಲಾರಿ. ಆಗ ಊರ ಹಿಂದಿನ ಗದ್ದೆಗಳ ಮೇಲೆ ಟೋಲ್ ಹೆದ್ದಾರಿ ಏಳುತ್ತಿತ್ತು. ಅದರಿಂದ ಇಳಿಯುವ ದಾರಿ ನಮ್ಮಲ್ಲಿಗೆ ಬೇಕೋ, ಹನ್ನೊಂದು ಕಿಲೋಮೀಟರ್ ಆಚೆಯ ಗೊಂಡಾಂಗ್‌ಗೆ ಸಾಕೋ ಎಂದು ತೀರ್ಮಾನಿಸಲು ನಮ್ಮ ಕೂಡುರಸ್ತೆಯ ಮೂರು ದಿನದ ಎಣಿಕೆ ಕೇಳಿದ್ದರು.

ಹಳೇ ರಸ್ತೆಯ ಉದ್ದಕ್ಕೂ ಬಸ್ಸು ನಿಲ್ಲುವ ಊಟದಂಗಡಿಗಳು. ಊರು ಉಣ್ಣುತ್ತಿದ್ದುದೇ ಅವುಗಳಿಂದ. ಎಲ್ಲಕ್ಕಿಂತ ದೊಡ್ಡದು ದಾರ್ಸಿಮಾನನದು. ಇಳಿದಾರಿ ಬರದಿದ್ದರೆ ಬಸ್ಸುಗಳು ತಲೆಯ ಮೇಲೇ ಹಾದುಹೋಗುತ್ತವೆ ಎಂದು ಅವನಿಗೆ ಗೊತ್ತಿತ್ತು. ಊರಿನ ಬೈಕುಗಳನ್ನೆಲ್ಲ ಒಟ್ಟುಮಾಡಿದ. ಕೂಡುರಸ್ತೆಯಿಂದ ಸೇತುವೆ, ಸೇತುವೆಯಿಂದ ಕೂಡುರಸ್ತೆ, ಮೂರು ದಿನ ಸುತ್ತಿ ಎಂದ. ಪೆಟ್ರೋಲು ಅವನದೇ.

ಊರಿಗೆ ಮದುವೆ ದಿಬ್ಬಣದ ಖುಷಿ. ಮುದುಕಿಯರು ಹಿಂದೆ ಕೂತು ಸುತ್ತಿದರು. ಕೋಳಿ ಬುಟ್ಟಿಗಳೂ ಸುತ್ತಿದವು. ಇಪ್ಪತ್ತೆರಡರ ವುರ್ಯಾನಿ ಗೆಳತಿಯ ಬೆನ್ನ ಹಿಂದೆ ಕೂತು ಅಪ್ಪನೆದುರು ಹತ್ತೊಂಬತ್ತು ಸಲ ಹಾದಳು, ಪ್ರತಿಸಲವೂ ಕೈಬೀಸಿದಳು. ಅಪ್ಪ ತಲೆಯೆತ್ತದೆ ಗುಂಡಿ ಒತ್ತಿದ.

ಮೊದಲ ದಿನದ ಸಂಜೆ ಅವಳು ಚಹಾ ಕೊಡುತ್ತ ಕೇಳಿದಳು. "ಬೈಕು ಎಷ್ಟಾಯ್ತಪ್ಪ?"

"ನಾಲ್ಕು ಸಾವಿರದ ಇನ್ನೂರು."

"ಹಾಗಾದ್ರೆ ಇಳಿದಾರಿ ಬಂದ ಹಾಗೇ!"

"ಟೋಲ್ ರಸ್ತೆಗೆ ಬೈಕು ಬಿಡ್ತಾರೇನೇ? ಆ ಗುಂಡಿ ಲೆಕ್ಕಕ್ಕೇ ಇಲ್ಲ."

ವುರ್ಯಾನಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹುಟ್ಟಿದಾಗಿನಿಂದ ಬೈಕಿನ ಮೇಲೇ ಬದುಕಿದ ಊರಿಗೆ ಇದೊಂದು ಹೊಳೆದಿರಲಿಲ್ಲ. "ಮತ್ತೆ ಹೇಳ್ಬಾರ್ದಾ ಅವ್ರಿಗೆ?"

"ಹೇಳಿದ್ರೆ ನಾಳೆ ಲಾರಿ ಸುತ್ತಿಸ್ತಾರೆ. ಎದುರಿಗೆ ಹಾದಿದ್ದನ್ನ ನಾನು ಒತ್ತಲೇಬೇಕು. ಇಳಿದಾರಿ ಬರುತ್ತೆ, ಅದರ ಜಾಗಕ್ಕೆ ಬಡಗಣ ಕೇರಿಯ ಒಂಬತ್ತು ಮನೆ ಹೋಗುತ್ತೆ. ಗಾಡಿ ನಿಜವಾಗ್ಲೂ ಇಳಿಯೋ ಹಾಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಇರೋ ಹನ್ನೆರಡು ಲಾರಿ ಗಿರಗಿರ ತಿರುಗಿದ್ದಕ್ಕೆ ಜನ ಯಾಕೆ ಮನೆ ಬಿಡಬೇಕು?" ಚಹಾ ಲೋಟ ಕೆಳಗಿಟ್ಟು ಹೇಳಿದ. "ಬೈಕಿನ ವಿಷಯ ಯಾರ ಹತ್ರಾನೂ ಆಡಬೇಡ. ಸುತ್ತಲ ಊರಲ್ಲಿ ನಗೆಪಾಟಲಾಗ್ತಾರೆ."

ಇಳಿದಾರಿ ಗೊಂಡಾಂಗ್‌ಗೆ ಹೋಯಿತು. ಊಟದಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮರ್ಸುದಿ ಎಣಿಕೆ ಕದ್ದ ಎಂದು ಊರು ಮಾತಾಡಿತು. ಅವನು ಅಲ್ಲವೆನ್ನಲಿಲ್ಲ. ಕೊಟ್ಟ ಮಾತಿಗೆ ವುರ್ಯಾನಿಯೂ ತುಟಿ ಬಿಚ್ಚಲಿಲ್ಲ.

*

"ಮರ್ಸುದಿಯವರು ಎಂಥವರಾಗಿದ್ದರು?" ಮೋದಿನ್ ಕೇಳಿದರು.

"ಒಳ್ಳೆಯವರು," ಎಂದರು ವುರ್ಯಾನಿಯ ತಮ್ಮ ಮತ್ತು ಇಲಾಖೆಯಿಂದ ಬಂದಿದ್ದ ಇಬ್ಬರು ನಿವೃತ್ತರು.

ಮೋದಿನ್ ಮತ್ತೆ ಕೇಳಿದರು. ಈ ಸಲ ತರ್ಮಿಯ ದನಿ ಸೇರಿತು. ಉಳಿದವರು ತಮ್ಮ ಚಪ್ಪಲಿ ನೋಡುತ್ತ ಕೂತಿದ್ದರು.

ಈಗ ಬಾಯಿಬಿಟ್ಟರೆ ಅಪ್ಪನ ಹೆಸರು ಉಳಿಯುತ್ತದೆ, ಅಪ್ಪನಿಗೆ ಕೊಟ್ಟ ಮಾತು ಹೋಗುತ್ತದೆ. ಹೋದರೆ ಹೋಗಲಿ ಎಂದುಕೊಂಡು ವುರ್ಯಾನಿ ಎದ್ದಳು. "ಮೋದಿನ್, ಒಂದ್ ಮಾತು..."

"ಕೂತ್ಕೋ ಮಗಾ. ಅದು ನಾನು ಆಡಬೇಕಾದ ಮಾತು."

ಅವಳು ದೊಡ್ಡಪ್ಪನ ವರಸೆಯಲ್ಲಿ ಪಾಕ್ದೆ ಎನ್ನುತ್ತಿದ್ದ ದಾರ್ಸಿಮಾನ್ ಕೋಲೂರಿ ನಿಂತಿದ್ದ. ಎಪ್ಪತ್ತಾರಾದರೂ ಊರಲ್ಲಿ ಅವನಷ್ಟು ಎತ್ತರದ ಆಳಿಲ್ಲ.

"ಎಣಿಕೆಯ ಎರಡನೇ ದಿನ ಸಂಜೆ ಮರ್ಸುದಿ ನನ್ನ ಅಂಗಡಿಗೆ ಬಂದಿದ್ದ. ಬೈಕು ಲೆಕ್ಕಕ್ಕಿಲ್ಲ ಅಂದ. ಲಾರಿ ಸುತ್ತಿಸಿದ್ರೆ ಒತ್ತುತೀನಿ, ಒತ್ತೋದು ನನ್ನ ಕೆಲಸ, ಆ ಒಂಬತ್ತು ಮನೆ ಏನಾಗಬೇಕು ಅಂತ ನೀನೇ ಹೇಳು ಅಂದ. ನನ್ನ ಹತ್ರಾನೇ ಮೂರು ಲಾರಿ ಇತ್ತು. ಮಾರನೇ ಬೆಳಿಗ್ಗೆ ನಾನು ಅವನ್ನ ಹೊರಗೆ ತೆಗೀಲಿಲ್ಲ." ಅವನು ಉಸಿರೆಳೆದುಕೊಂಡ. "ಆದ್ರೆ ಬೈಕು ನಿಲ್ಲಿಸ್ರೋ ಅನ್ನೋಕೆ ನಾಚಿಕೆಯಾಯ್ತು. ಮೂರನೇ ದಿನಾನೂ ಸುತ್ತಿಸಿದೆ. ಆಮೇಲೆ ನೀವು ಅವನನ್ನ ಬೈದ್ರಿ. ನಾನು ಸುಮ್ನಿದ್ದೆ. ಅವನೂ ಸುಮ್ನಿದ್ದ."

ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ಅಲ್ಲ ಪಾಕ್ದೆ, ಮೂರನೇ ದಿನ ನಮ್ಮಜ್ಜಿ ಬೈಕಿಂದ ಬಿದ್ದು ಸೊಂಟ ಮುರ್ಕೊಂಡ್ಳು! ಅದು ಸುಮ್ ಸುಮ್ನೇನಾ?"

ಸಾವಿನ ಮನೆಯೆಂಬುದನ್ನೂ ಮರೆತು ಜನ ನಕ್ಕರು. ಬಡಗಣ ಕೇರಿಯ ಆ ಒಂಬತ್ತು ಮನೆಗಳಲ್ಲೊಂದರ ಸುಮಿರಾ ಮಾತ್ರ ನಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು.

ವುರ್ಯಾನಿಗೆ ಸಿಟ್ಟು ಬಂದಿತ್ತು, ಈ ಮುದುಕನ ಮೇಲೆ, ಅಪ್ಪನ ಮೇಲೂ. ಅವಳ ಬಾಯಿ ಕಟ್ಟಿ, ಅಪ್ಪ ತಾನೇ ಹೋಗಿ ಹೇಳಿ ಬಂದಿದ್ದ. ಅಷ್ಟು ದೊಡ್ಡ ತೀರ್ಮಾನವನ್ನು ಒಬ್ಬನೇ ಹೊರಲು ಅಪ್ಪನಿಗೂ ಆಗಿರಲಿಲ್ಲ ಎಂದು ತೋರಿ ಅಳು ಬಂತು.

"ಇಷ್ಟು ವರ್ಷ ಬೇಕಾಯ್ತಾ ಪಾಕ್ದೆ?"

"ಬೇಕಾಯ್ತು ಮಗಾ," ಎಂದ ಅವನು.

ಮೋದಿನ್ ಮೂರನೇ ಸಲ ಕೇಳಿದರು. ಊರು ಉತ್ತರ ಕೊಟ್ಟಿತು. ಸುಮಿರಾಳ ದನಿ ಎಲ್ಲರದಕ್ಕಿಂತ ಒಂದು ಗಳಿಗೆ ತಡವಾಗಿ ಬಂತು.

ಆರು ಜನ ಚಟ್ಟವನ್ನು ಹೆಗಲಿಗೇರಿಸಿ ನಿಂತರು. ಹೊರಡುವ ಮುಂಚೆ ಸತ್ತವರ ಮಕ್ಕಳು ಅದರ ಕೆಳಗೆ ಮೂರು ಸಲ ನುಸುಳಿ ಹಾಯುವುದು ನಮ್ಮ ಪದ್ಧತಿ. ವುರ್ಯಾನಿ ಹಾಯ್ದಳು, ತಮ್ಮ ಹಾಯ್ದ.

ಆಗ ದಾರ್ಸಿಮಾನ್ ಕೋಲನ್ನು ನೆಲಕ್ಕೆ ಹಾಕಿ ಚಟ್ಟದ ಕಡೆಗೆ ನಡೆದ.

"ಅದು ಮನೆಯವರಿಗೆ ಮಾತ್ರ..." ಎಂದು ಶುರುಮಾಡಿದ ಮೋದಿನ್ ವುರ್ಯಾನಿಯ ಮುಖ ನೋಡಿ ನಿಲ್ಲಿಸಿದರು.

ದಾರ್ಸಿಮಾನನಿಗೆ ಮಂಡಿ ಮಡಿಸಲು ಬರುತ್ತಿರಲಿಲ್ಲ, ಬೆನ್ನು ಬಗ್ಗಿಸಿದರೆ ಮುಗ್ಗರಿಸುತ್ತಿದ್ದ. ಮೊದಲ ಸಲ ಅವನ ತಲೆ ಬಿದಿರಿಗೆ ತಗುಲಿತು. ಯಾರೂ ಹೇಳದೆಯೇ ಆರೂ ಜನ ಚಟ್ಟವನ್ನು ಹೆಗಲಿನಿಂದ ಎತ್ತಿ, ತೋಳು ನೀಡಿ ತಲೆಯ ಮೇಲಕ್ಕೆ ಹಿಡಿದರು. ಮುದುಕ ನಿಧಾನಕ್ಕೆ ಇನ್ನೂ ಎರಡು ಸಲ ದಾಟಿ ಆಚೆ ಬರುವವರೆಗೂ ಅವರ ತೋಳುಗಳು ನಡುಗುತ್ತಲೇ ಇದ್ದವು.