ಭಾನುವಾರವೇ ಹಾಕಿದ ಟಿಕ್

ಮನೆಯಲ್ಲಿ ಅವಳಿಗೆ ಮಿನಿಸ್ಟರ್ ಎಂದೇ ಹೆಸರು. ಹೆತ್ತ ತಾಯಿಗೇ ವಾರಕ್ಕೆ ಹತ್ತು ನಿಮಿಷ ಅಪಾಯಿಂಟ್‌ಮೆಂಟ್ ಕೊಡುವ ಮಗಳನ್ನು ಇನ್ನೇನೆಂದು ಕರೆಯಬೇಕು ಹೇಳಿ? "ಏನಮ್ಮಾ, ಸಾಹೇಬ್ರು ಇವತ್ತು ಫ್ರೀ ಇದ್ದಾರಾ?" ಎಂದೇ ಅಮ್ಮ ಫೋನಿನಲ್ಲಿ ಮಾತು ಶುರು ಮಾಡುತ್ತಿದ್ದಳು.

ತಮಾಷೆಯೇನೋ ಸರಿ, ಆದರೆ ಆ ಪರದೇಶದ ವಸತಿಶಾಲೆಯ ಕೊನೆಯ ವರ್ಷದಲ್ಲಿ ಹುಡುಗಿಗೆ ನಿಜಕ್ಕೂ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಈಜು, ಎಂಟಕ್ಕೆ ಕ್ಲಾಸು, ಊಟದ ಹೊತ್ತಿಗೆ ಯಾವುದೋ ಸಮಿತಿ, ಆಮೇಲೆ ಡಿಬೇಟು, ಸಂಜೆ ಲ್ಯಾಬಿನ ವರದಿ. ಅದರ ಮೇಲೆ ಯೂನಿವರ್ಸಿಟಿ ಅರ್ಜಿಗಳು. ತಾನೆಷ್ಟು ಜವಾಬ್ದಾರಿಯವಳು ಎಂದು ಐದು ಯೂನಿವರ್ಸಿಟಿಗಳಿಗೆ ಐದು ಥರ ಬರೆಯುವುದೇನು ಹುಡುಗಾಟವೇ? ಇಷ್ಟು ಸಾಲದೆಂದು ಹಾಸ್ಟೆಲಿನ ಲೀಡರ್ ಪಟ್ಟ ಬೇರೆ.

ಲೀಡರಿನ ಮುಖ್ಯ ಕೆಲಸ ಒಂದೇ. ದಿನಾ ಸಂಜೆ ನಾಲ್ಕೂಕಾಲಿಗೆ ಮೆಟ್ಟಿಲ ಬಳಿ ನಿಂತು, ಮೂವತ್ತೆರಡು ಹುಡುಗಿಯರ ಮುಖ ನೋಡಿ, ಆ ದಿನದ ಹಾಳೆಯಲ್ಲಿ ಹೆಸರಿನ ಮುಂದೆ ಟಿಕ್ ಹಾಕಿ, ಸಹಿ ಮಾಡಿ ವಾರ್ಡನಮ್ಮನ ಮೇಜಿನ ಮೇಲಿಡುವುದು. ಒಂದು ತಲೆ ಕಡಿಮೆಯಾದರೂ ವಾರ್ಡನಮ್ಮ ತಕ್ಷಣ ಹುಡುಕಲು ಹೊರಡಬೇಕು. ಏಳು ನಿಮಿಷದ ಕೆಲಸ. ಆ ಏಳು ನಿಮಿಷವನ್ನೂ ಉಳಿಸುವ ಉಪಾಯವನ್ನು ನಮ್ಮ ಮಿನಿಸ್ಟರ್ ಕಂಡುಹಿಡಿದಿದ್ದಳು. ಭಾನುವಾರವೇ ಕೂತು ವಾರದ ಏಳೂ ಹಾಳೆಗೆ ಟಿಕ್ ಹಾಕಿ, ಸಹಿ ಗೀಚಿ, ಫೈಲಿನಲ್ಲಿಟ್ಟುಕೊಂಡು, ದಿನಕ್ಕೊಂದನ್ನು ಮೇಜಿನ ಮೇಲಿಟ್ಟರೆ ಮುಗಿಯಿತಲ್ಲ! ದಿನಾ ನಾಲ್ಕೂಕಾಲಿನ ಹೊತ್ತಿಗೆ ವಾರ್ಡನಮ್ಮ ಹಿಂದಿನ ಕೋಣೆಯಲ್ಲಿ ಒಗೆದ ಬಟ್ಟೆ ವಿಂಗಡಿಸುತ್ತಿರುತ್ತಿದ್ದರು. ಸಾಲು ನಿಲ್ಲುವುದು ತಪ್ಪಿತೆಂದು ಹುಡುಗಿಯರಿಗೂ ಖುಷಿ. ಐದು ವಾರ ಎಲ್ಲ ಸುಸೂತ್ರವಾಗಿ ನಡೆಯಿತು.

ಮೂವತ್ತೆರಡರಲ್ಲಿ ಅತಿ ಚಿಕ್ಕವಳು ಪಿಟೀಲು. ಹನ್ನೊಂದು ವರ್ಷ, ಬಂದು ಮೂರೇ ವಾರ. ಅತ್ತರೆ ಸಣ್ಣಗೆ ಕುಂಯ್ ಎನ್ನುತ್ತಿದ್ದಳು, ಅದಕ್ಕೇ ಆ ಹೆಸರು. ಹಾಸ್ಟೆಲಿನ ಹುಡುಗಿಯರಲ್ಲಿ ಕನ್ನಡ ಬಲ್ಲವರು ಇವರಿಬ್ಬರೇ. ಗುರುವಾರ ಊಟದ ಹೊತ್ತಿಗೆ ಅವಳು ತಟ್ಟೆ ಹಿಡಿದುಕೊಂಡು ಮಿನಿಸ್ಟರ್ ಪಕ್ಕ ಬಂದು ನಿಂತಳು.

"ಅಕ್ಕಾ, ಒಂದ್ನಿಮಿಷ ಮಾತಾಡ್ಬೇಕಿತ್ತು."

"ಈಗ ಆಗಲ್ಲ ಮರಿ, ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ಸಂಜೆ ಬಾ, ಆಯ್ತಾ?"

ಗುರುವಾರ ಮಧ್ಯಾಹ್ನ ಚಿಕ್ಕವರಿಗೆ ಕ್ಲಾಸಿಲ್ಲ. ಪಿಟೀಲು ಚೀಲ ಬೆನ್ನಿಗೇರಿಸಿ ಹಿಂದಿನ ಗೇಟಿನಿಂದ ಹೊರಬಿದ್ದು, ವಿಮಾನ ನಿಲ್ದಾಣಕ್ಕೆ ಹೋಗುತ್ತದೆಂದು ಯಾವುದೋ ಬಸ್ಸು ಹತ್ತಿದಳು. ಸಂಜೆ ಏಳಕ್ಕೆ ಊಟದ ಮೇಜಿನಲ್ಲಿ ಅವಳ ಕುರ್ಚಿ ಖಾಲಿಯಿದ್ದದ್ದು ಕಂಡು ವಾರ್ಡನಮ್ಮನ ಜೀವ ಬಾಯಿಗೆ ಬಂತು. ಅರ್ಧ ಗಂಟೆಯ ಮೇಲೆ, ಕೊನೆಯ ಸ್ಟಾಪಿನಿಂದ ಬಸ್ ಡ್ರೈವರ್ ಫೋನ್ ಮಾಡಿದ. ಮಗುವಿನ ಕಾಲು ಉಳುಕಿತ್ತು, ಮೈ ಕೆಂಡದಂತೆ ಸುಡುತ್ತಿತ್ತು.

ಮಧ್ಯಾಹ್ನ ಊಟ ಆದ ಕೂಡಲೇ ಹೋದೆ ಎಂದು ಪಿಟೀಲು ಹೇಳಿದಳು. ಪ್ರಿನ್ಸಿಪಾಲರು ಹಾಳೆ ನೋಡಿದರು. ನಾಲ್ಕೂಕಾಲಿಗೆ ಹಾಜರ್, ಕೆಳಗೆ ಸಹಿ. ಅಲ್ಲಿಗೆ ಮಗು ಸುಳ್ಳಿಯಾದಳು. ನಾಲ್ಕೂಕಾಲಿನ ಮೇಲೆ ಹುಡುಗಿಯರ ಹೊಣೆ ವಾರ್ಡನಮ್ಮನದು; ಆಮೇಲೆ ಹೋಗಿದ್ದರೆ ಅದು ಅವರ ಕಣ್ಣೆದುರಿನಿಂದಲೇ ಹೋದಂತೆ. ಅವರ ಹತ್ತೊಂಬತ್ತು ವರ್ಷದ ನೌಕರಿ ಉಳಿಯುತ್ತದೋ ಇಲ್ಲವೋ, ಶುಕ್ರವಾರ ಹನ್ನೊಂದಕ್ಕೆ ತೀರ್ಮಾನ ಎಂದರು ಪ್ರಿನ್ಸಿಪಾಲರು.

ಮಿನಿಸ್ಟರ್ ಬಾಯಿ ಬಿಡಲಿಲ್ಲ. ಯೂನಿವರ್ಸಿಟಿಗಳಿಗೆ ಅವಳ ಶಿಫಾರಸು ಪತ್ರ ಬರೆಯಬೇಕಾದವರು ಅದೇ ಪ್ರಿನ್ಸಿಪಾಲರು. ನಾಳೆ ಹೇಳಿದರಾಯಿತು, ಮಗು ಸಿಕ್ಕಿದಳಲ್ಲ, ಕೆಲಸದಿಂದ ತೆಗೆಯಲಿಕ್ಕಿಲ್ಲ ಎಂದೆಲ್ಲ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಬೆಳಿಗ್ಗೆ ತಿಂಡಿ ಬಿಟ್ಟು ಸಿಕ್‌ರೂಮಿಗೆ ಹೋದಳು.

ಪಿಟೀಲು ಅವಳನ್ನು ಕಂಡು ನಕ್ಕಳು. "ಅಕ್ಕಾ, ನೀವು ನನ್ನ ನಾಲ್ಕು ಗಂಟೆಗೆ ನೋಡಿದ್ರಂತೆ, ಹೌದಾ? ಹಾಗಾದ್ರೆ ನಂಗೇ ಮರ್ತು ಹೋಗಿರ್ಬೇಕು. ಜ್ವರ ಇತ್ತಲ್ಲ. ಸಾರಿ ಹೇಳ್ತೀನಿ ಸರ್‌ಗೆ."

ಛೀ, ನನ್ನ ಜನ್ಮಕ್ಕಿಷ್ಟು! ಎಂದುಕೊಂಡಳು ಮಿನಿಸ್ಟರ್. ಕೋಣೆಗೆ ಓಡಿ, ಫೈಲು ತೆಗೆದುಕೊಂಡು ಸೀದಾ ಆಫೀಸಿಗೆ ಹೋದಳು.

ಒಳಗೆ ವಾರ್ಡನಮ್ಮ ಅವಳ ಪರವಾಗಿಯೇ ವಾದಿಸುತ್ತಿದ್ದರು. "ಈ ಹುಡುಗಿ ಟಿಕ್ ಹಾಕಿದಾಳೆ ಅಂದ್ರೆ ಮಗು ಇದ್ದೇ ಇತ್ತು ಸರ್. ಆಮೇಲೆ ನಾನೇ ಎಲ್ಲೋ ಮೈಮರೆತಿದೀನಿ. ತಪ್ಪು ನಂದೇ."

ಮಿನಿಸ್ಟರ್ ಶುಕ್ರವಾರ, ಶನಿವಾರದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಇನ್ನೂ ಬಾರದ ಸಂಜೆಗಳಿಗೆ ಮೂವತ್ತೆರಡು ಟಿಕ್. ಸಿಕ್‌ರೂಮಿನಲ್ಲಿ ಮಲಗಿದ್ದ ಪಿಟೀಲು ಅವುಗಳ ಪ್ರಕಾರ ಮೆಟ್ಟಿಲ ಬಳಿ ಹಾಜರಿದ್ದಳು.

"ನಾನು ಯಾರನ್ನೂ ನೋಡ್ತಾನೇ ಇರ್ಲಿಲ್ಲ ಸರ್. ಐದು ವಾರದಿಂದ."

ಪ್ರಿನ್ಸಿಪಾಲರು ಲೀಡರ್ ಪಟ್ಟ ತೆಗೆದರು, ಶಿಫಾರಸು ಪತ್ರದ ಮಾತು ಇನ್ನು ಬೇಡ ಎಂದರು. ವಾರ್ಡನಮ್ಮನ ನೌಕರಿ ಉಳಿಯಿತು. ಅವರು ಬೈಯಲಿಲ್ಲ. "ನಿನ್ನ ಸಹಿ ನೋಡಿದ್ಮೇಲೆ ನಾನು ಒಂದಿನಾನೂ ತಲೆ ಎಣಿಸ್ಲಿಲ್ಲ ಕಣೇ," ಎಂದಷ್ಟೇ ಹೇಳಿ ಹೊರಟುಹೋದರು. ಕಪಾಳಕ್ಕೆ ಎರಡು ಬಿಗಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಒಂದು ಕೆಲಸ ಬಾಕಿಯಿತ್ತು. ಮತ್ತೆ ಸಿಕ್‌ರೂಮಿಗೆ ಬಂದು ಮಂಚದ ಅಂಚಿನಲ್ಲಿ ಕೂತಳು.

"ಮರಿ, ನೀನು ಹೇಳಿದ್ದೇ ಸರಿ. ಸುಳ್ಳು ನಂದು. ಎಲ್ಲರಿಗೂ ಹೇಳಿ ಬಂದಿದೀನಿ. ನೀನು ಯಾರಿಗೂ ಸಾರಿ ಕೇಳ್ಬೇಡ."

ಮಗು ಖುಷಿಪಡುತ್ತದೆ ಎಂದುಕೊಂಡಿದ್ದಳು. ಪಿಟೀಲು ಅವಳ ಮುಖವನ್ನೇ ನೋಡಿದಳು.

"ಹಾಗಾದ್ರೆ ನಿನ್ನೆ ನೀವು ನನ್ನ ನೋಡ್ಲೇ ಇಲ್ವಾ ಅಕ್ಕಾ?"

"ಇಲ್ಲ ಮರಿ. ನೋಡ್ಲಿಲ್ಲ."

"ನಾನು, ಅಕ್ಕ ಒಬ್ರಾದ್ರೂ ನೋಡಿದ್ರಲ್ಲ ಅಂದ್ಕೊಂಡಿದ್ದೆ," ಎಂದು ಪಿಟೀಲು ಗೋಡೆಯ ಕಡೆ ತಿರುಗಿ ಮಲಗಿದಳು.