ಕಲ್ಲಬಾನಿಯ ಹತ್ತಿರ

ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ದುಂಡವ್ವ ಔಷಧಿ ಅಂಗಡಿಯಿಂದ ಹೊರಗೆ ಬಂದಾಗ ಕಟ್ಟೆಯ ಮೇಲೆ ಗಂಡ ಭೀಮಶಿ ಇರಲಿಲ್ಲ. 'ಏಳಬ್ಯಾಡ್ರಿ' ಎಂದು ಹೇಳಿಯೇ ಒಳಗೆ ಹೋಗಿದ್ದಳು. ಆದರೆ ಈಚೆಗೆ ಅವನ ತಲೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಹೊತ್ತು ಇಳಿದರೆ ತನ್ನ ಊರು ಶಲವಡಿ ಎಂಬುದೂ ಮರೆಯುತ್ತಿತ್ತು. ಈಗ ಹೊತ್ತು ಇಳಿಯುತ್ತಲೇ ಇತ್ತು.

"ತಲಿಗೆ ಬಿಳಿ ಪಟಗಾ ಸುತ್ತಿದ ಮುದುಕನ್ನ ಕಂಡ್ರ್ಯಾ?"

"ಸಂಜಿಕ ಇಲ್ಲೆ ಬರಾವ್ರೆಲ್ಲಾ ಮುದುಕರ ಬೇ," ಎಂದು ನಕ್ಕ ಚಹಾದಂಗಡಿಯವ, ಅವಳ ಮುಖ ನೋಡಿ ಎದ್ದು ಬಂದು ರಸ್ತೆಯತ್ತ ಇಣುಕಿದ.

ಲಾರಿ, ಬಸ್ಸುಗಳ ನಡುವೆ ಹುಚ್ಚಿಯಂತೆ ಓಡುತ್ತಿದ್ದವಳ ಮುಂದೆ ಆಟೋದ ಮೀರಾಸಾಬ ಗಕ್ಕನೆ ಬ್ರೇಕ್ ಹಾಕಿದ.

"ಸಾಯ್ತಿ ಬೇ ಅವ್ವಾ! ಹತ್ತು ಮೊದಲ. ಎಲ್ಲಿ ಹೋಗೂಣು?"

ಎಲ್ಲಿಗೆ? ಹೊಸ ಮದುವಣಗಿತ್ತಿಯಾಗಿ ಹತ್ತಿ ತುಂಬಿದ ಎತ್ತಿನ ಗಾಡಿಯ ಮೇಲೆ ಇದೇ ದಾರಿಯಲ್ಲಿ ಬಂದಾಗ ಭೀಮಶಿ ಹೇಳಿಕೊಟ್ಟ ಗಾಡಿಯವರ ಕಟ್ಟಳೆ ನೆನಪಾಯಿತು: ದಾರಿ ತಪ್ಪಿದವರು ಮುಂದೆ ಹೋಗಬಾರದು, ಎತ್ತು ನೀರು ಕುಡಿದ ಜಾಗಕ್ಕೆ ಬಂದು ಕೂರಬೇಕು.

"ಗಿರಣಿ ಚಿಮಣಿ ದಾಟಿದ ಮ್ಯಾಲ ಹುಣಸಿ ಗಿಡ. ಅದರ ಬುಡಕ ಎತ್ತಿಗೆ ನೀರು ಕುಡಸೂ ಕಲ್ಲಬಾನಿ. ಅಲ್ಲೆ ನಡಿ."

"ಯಾವ ಕಾಲದ ಹುಬ್ಬಳ್ಳಿ ಹೇಳ್ತಿ ಬೇ! ಚಿಮಣಿ ಇದ್ದಲ್ಲೆ ಈಗ ಮದುವಿ ಹಾಲ್ ಐತಿ. ರೋಡ್ ಅಗಲ ಮಾಡುವಾಗ ಗಿಡಾನೂ ಕಡದ್ರು, ಬಾನಿನೂ ಕಿತ್ತ ಒಗದ್ರು."

"ಅದೆಲ್ಲಾ ಇಲ್ಲಂತ ದಾರಿ ತಪ್ಪಿದ ನಮ್ಮ ಮನಿಯವರಿಗೆ ಯಾರು ಹೇಳಬೇಕಪಾ?" ದುಂಡವ್ವ ಎದೆ ಬಡಿದುಕೊಂಡಳು.

ಮೀರಾಸಾಬ ಗಾಡಿ ಬಿಟ್ಟ. ಮದುವೆ ಹಾಲಿನ ಬಾಗಿಲಲ್ಲಿ ಭೀಮಶಿ ಇಲ್ಲ. ಸೇತುವೆಯ ಕಂಬಗಳ ನೆರಳಿನಲ್ಲಿ ಇಲ್ಲ. ಟ್ರ್ಯಾಕ್ಟರ್ ಶೋರೂಮಿನ ಮುಂದೆ ಇಲ್ಲ. ಹುಣಸೆ ಮರವಿದ್ದ ಜಾಗದಲ್ಲಿ ಬರೀ ಡಿವೈಡರು, ಅದಕ್ಕೆ ಮೆತ್ತಿದ ಧೂಳು. ಬೀದಿ ದೀಪ ಹತ್ತಿದವು. ಬಾಯಿಗೆ ಸೆರಗು ತುರುಕಿಕೊಂಡು ಕೂತವಳಿಗೆ ಎಲ್ಲೋ ಭೋರೆಂದು ನೀರು ಸುರಿವ ಸಪ್ಪಳ ಕೇಳಿತು.

ಲಾರಿ ತೊಳೆಯುವ ಜಾಗ. ಕೆಸರಿನಲ್ಲಿ ಕಾಲಿಟ್ಟು, ಹಳೆಯ ಟೈರಿನ ಮೇಲೆ ಭೀಮಶಿ ಕೂತಿದ್ದ. ತಲೆಯ ಮೇಲೆ ಪಟಗಾ ಇರಲಿಲ್ಲ.

ಓಡಿ ಹೋಗಿ ಅವನ ಕೈ ಹಿಡಿದಳು. ಅವನು ಕೊಸರಿಕೊಂಡ.

"ಹಂಗೆಲ್ಲಾ ಕೈ ಹಿಡೀಬಾರ್ದವ್ವಾ, ನೋಡಿದವ್ರು ಏನಂದಾರು? ನನ್ನ ಹೆಂಡ್ತಿ ದಾರಿ ತಪ್ಯಾಳ. ಸಣ್ಣಾಕಿ, ಮೊದಲನೇ ಸಲ ಬಂದಾಳ. ನೀರಿನ ಹತ್ರ ಬಾ ಅಂತ ಹೇಳೇನಿ. ಬರ್ತಾಳ."

"ಕಾಕಾ, ಇವರ ನಿಮ್ಮ..." ಎಂದ ಮೀರಾಸಾಬನನ್ನು ದುಂಡವ್ವ ಕೈಸನ್ನೆಯಲ್ಲೇ ತಡೆದಳು.

"ಅಕಿ ಬರೂ ತನಕಾ ನಾನೂ ಕುಂಡರ್ಲೇನ್ರಿ?"

ಭೀಮಶಿ ಟೈರಿನ ಅಂಚಿಗೆ ಸರಿದು ಜಾಗ ಬಿಟ್ಟ. ರಸ್ತೆಯ ಮೇಲಿನ ಕಣ್ಣು ಮಾತ್ರ ತೆಗೆಯಲಿಲ್ಲ.